ಜೆಟ್ ಸ್ಕೀ ತಳದಲ್ಲಿ ಎಣ್ಣೆ ನಿಲ್ಲುತ್ತಿದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ

ಕೋಡಿ_ಹುಡುಗ
ಎಲ್ಲರಿಗೂ ನಮಸ್ಕಾರ. ನನ್ನದು ಕೋಡಿ ಬೆಂಗ್ರೆ ಹತ್ತಿರ. ಮಳೆಗಾಲಕ್ಕೆ ಮೊದಲು ಗೋವಾದಿಂದ ಒಂದು ಸೆಕೆಂಡ್ ಹ್ಯಾಂಡ್ ಸೀ-ಡೂ (ನೀರಿನ ಮೇಲೆ ಓಡುವ ಸ್ಕೂಟರ್) ತಂದೆ. 2012ರ ಜಿಟಿಐ, ರೋಟ್ಯಾಕ್ಸ್ 1503 ಎಂಜಿನ್, ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ್ದು. ಬಾಡಿಗೆಗಲ್ಲ, ನಾನೂ ಭಾವನೂ ಹೊಳೆಯಲ್ಲಿ ಓಡಿಸುವುದಕ್ಕೆ. ನಾಲ್ಕು ತಿಂಗಳು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು.

ಮೊನ್ನೆ ಒಬ್ಬ ಮೆಕ್ಯಾನಿಕ್ ಕರೆಸಿ ಆಯಿಲ್, ಫಿಲ್ಟರ್ ಬದಲಾಯಿಸಿದೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಓಡಿಸಿ ಬಂದು ಸೀಟು ಎತ್ತಿದರೆ ತಳದಲ್ಲಿ ಕಪ್ಪು ಎಣ್ಣೆ. ಸ್ಪಂಜಿನಲ್ಲಿ ಹಿಂಡಿ ಹಿಂಡಿ ತೆಗೆದೆ, ನೀರು ಬಿಟ್ಟು ಸುಮಾರು ಅರ್ಧ ಲೀಟರ್. ಒರೆಸಿ ಸಂಜೆ ಮತ್ತೆ ಹೋದೆ. ಮತ್ತೆ ಬಂದಿದೆ, ಸ್ವಲ್ಪ ಕಡಿಮೆ. ಎಂಜಿನ್ ಶಬ್ದ ಸರಿ ಇದೆ, ಮೀಟರಿನಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ಎಣ್ಣೆ ಮಾತ್ರ ಎಂಜಿನ್ ಕೆಳಗೆಲ್ಲ ಹರಡಿದೆ, ಎಲ್ಲಿಂದ ಅಂತ ಕಾಣುವುದೇ ಇಲ್ಲ. ಕೈ ಹೋಗುವಷ್ಟು ಜಾಗವೂ ಇಲ್ಲ. ಯಾರಾದರೂ ದಾರಿ ತೋರಿಸಿ.

ಮೀನುಸಾರು
ಎಣ್ಣೆ ಇದೆ, ಕಡಲು ಪಕ್ಕದಲ್ಲೇ ಇದೆ, ಬಂಗುಡೆ ಒಂದು ಬಿದ್ದರೆ ಆಯಿತು.

ಗ್ಯಾರೇಜ್_ಗಿರಿ
ವಾಲ್ವ್ ಕವರ್ ಗ್ಯಾಸ್ಕೆಟ್, ಎಂಜಿನ್ ತಲೆ ಮುಚ್ಚಳದ ರಬ್ಬರ್ ಪಟ್ಟಿ. ಕಣ್ಣು ಮುಚ್ಚಿ ಹೇಳಬಹುದು. ತೆಗೆದು ಅನಾಬಾಂಡ್ (ಸೋರಿಕೆ ತಡೆಯುವ ಅಂಟು) ಹಚ್ಚಿ ಕೂರಿಸಿ, ಮುಗೀತು. ಬೆಂಗಳೂರಿನಲ್ಲಿ ದಿನಕ್ಕೆ ನಾಲ್ಕು ಗಾಡಿಗೆ ಇದನ್ನೇ ಮಾಡುತ್ತೇನೆ.

ಕಾರವಾರ_ಅಲೆ
ಕಣ್ಣು ಮುಚ್ಚಿ ಹೇಳುವುದೇ ತೊಂದರೆ ಗಿರಿಯವರೇ. ಬೈಕಿನಲ್ಲಿ ಎಣ್ಣೆ ಸೋರಿದರೆ ನೆಲಕ್ಕೆ ಬೀಳುತ್ತದೆ, ಯಾವ ಕಡೆಯಿಂದ ಅಂತ ಗೊತ್ತಾಗುತ್ತದೆ. ಇಲ್ಲಿ ತಳದಲ್ಲಿ ನೀರು ಇರುತ್ತದೆ. ಎಣ್ಣೆ ನೀರಿನ ಮೇಲೆ ತೇಲಿ, ಗಾಡಿ ವಾಲಿದ ಕಡೆಗೆಲ್ಲ ಓಡಾಡುತ್ತದೆ. ಸಾಲದ್ದಕ್ಕೆ ತಿರುಗುವ ಶಾಫ್ಟು ಅದನ್ನು ಎತ್ತಿ ನಾಲ್ಕು ಕಡೆ ಎರಚುತ್ತದೆ. ಎಣ್ಣೆ ಕಂಡ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ನಾನು ಬೀಚಿನಲ್ಲಿ ಏಳು ಸೀಸನ್ ಕೆಲಸ ಮಾಡಿದ್ದೇನೆ, ಮುಂದೆ ಎಣ್ಣೆ ಕಂಡು ಮುಂದಿನದ್ದೆಲ್ಲ ಬಿಚ್ಚಿ, ಕೊನೆಗೆ ಹಿಂದಿನ ಸೀಲ್ ಹೋಗಿದ್ದು ಸಿಕ್ಕಿದ್ದುಂಟು.

ಬೋಟ್_ಡ್ರೈವರ್_ಮಲ್ಪೆ
ತಮ್ಮಾ, ಮೊದಲು ಅದು ಎಂತ ಎಣ್ಣೆ ಅಂತ ನೋಡು. ಬೆರಳಿಗೆ ಹಚ್ಚಿ ಮೂಸು. ಎಂಜಿನ್ ಆಯಿಲಾ, ಗ್ರೀಸ್ ಕರಗಿದ್ದಾ, ಪೆಟ್ರೋಲ್ ಸೇರಿದೆಯಾ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇ ಬೇಡ. ಡೀಸೆಲ್ ಬೋಟಿನ ಹಾಗೆ ಅಲ್ಲ ಅದು, ಮುಚ್ಚಿದ ಹೊಟ್ಟೆ. ಒಂದು ಕಿಡಿ ಸಾಕು.

ಕೋಡಿ_ಹುಡುಗ
ಅಣ್ಣ, ಮೂಸಿ ನೋಡಿದೆ. ಎಂಜಿನ್ ಆಯಿಲೇ. ತೆಳು, ಕಪ್ಪು. ಪೆಟ್ರೋಲ್ ವಾಸನೆ ಇಲ್ಲ.

ಹುಬ್ಳಿ_ಮಂದಿ
ಹೊಸಾ ಆಯಿಲ್ ಹಾಕಿ ನಾಲ್ಕು ದಿನ ಆಗಿಲ್ಲ ಅಂತೀರಿ, ಕಪ್ಪು ಹೆಂಗ್ರೀ? ನಿಮ್ಮ ಮೆಕ್ಯಾನಿಕ್ ಆಯಿಲ್ ಬದಲಾಯಿಸಿದಾನೋ ಬಿಲ್ ಮಾತ್ರ ಬದಲಾಯಿಸಿದಾನೋ?

ಶಾರ್ಜಾ_ವರ್ಕ್‌ಶಾಪ್
ಹುಬ್ಬಳ್ಳಿಯವರು ತಮಾಷೆಗೆ ಹೇಳಿದರೂ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ನಾನು ಮೂಲ್ಕಿ ಕಡೆಯವನು, ಇಲ್ಲಿ 14 ವರ್ಷದಿಂದ ಇದೇ ಕೆಲಸ. ಒಂದು ಪ್ರಶ್ನೆಗೆ ಉತ್ತರ ಕೊಡಿ: ಮೆಕ್ಯಾನಿಕ್ ಹಳೇ ಎಣ್ಣೆ ಎಷ್ಟು ತೆಗೆದ, ಹೊಸದು ಎಷ್ಟು ಹಾಕಿದ?

ಈ ಗಾಡಿಗಳಲ್ಲಿ ಕಾರಿನ ಹಾಗೆ ಕೆಳಗೆ ನಟ್ ಬಿಚ್ಚಿ ಎಣ್ಣೆ ಸುರಿಸುವ ಹಾಗಿಲ್ಲ, ಕೆಳಗೆ ಹಲ್ (ದೋಣಿಯಂಥ ಹೊರಕವಚ) ಇದೆ. ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ಪೈಪಿನೊಳಗೆ ಸಪೂರ ಟ್ಯೂಬ್ ಇಳಿಸಿ ಪಂಪಿನಲ್ಲಿ ಎಳೆಯಬೇಕು. 1503 ಡ್ರೈ ಸಂಪ್ ಎಂಜಿನ್. ಎಣ್ಣೆ ಒಂದೇ ಕಡೆ ಇರುವುದಿಲ್ಲ, ಟ್ಯಾಂಕಿನಲ್ಲಿ ಸ್ವಲ್ಪ, ಕ್ರ್ಯಾಂಕ್ ಕೆಳಗೆ ಸ್ವಲ್ಪ. ಒಂದು ಸಲ ಎಳೆದರೆ ಟ್ಯಾಂಕಿನದ್ದು ಮಾತ್ರ ಬರುತ್ತದೆ. ಆಮೇಲೆ ಥ್ರಾಟಲ್ ಪೂರ್ತಿ ಹಿಡಿದುಕೊಂಡು ಸ್ಟಾರ್ಟ್ ಬಟನ್ ಒತ್ತಬೇಕು. ಹಾಗೆ ಮಾಡಿದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ಸುಮ್ನೆ ತಿರುಗುತ್ತದೆ, ಕೆಳಗಿನ ಎಣ್ಣೆ ಟ್ಯಾಂಕಿಗೆ ಬರುತ್ತದೆ. ಮತ್ತೆ ಎಳೆಯಬೇಕು. ಇದನ್ನು ಮಾಡದೆ ಎರಡು ಲೀಟರ್ ತೆಗೆದು, ಪುಸ್ತಕದಲ್ಲಿ 3 ಲೀಟರ್ ಅಂತ ಇದೆ ಎಂದು ಮೂರೂ ಸುರಿದರೆ ಒಂದು ಲೀಟರ್ ಜಾಸ್ತಿ. ಒಳಗೆ ಉಳಿದ ಹಳೇ ಎಣ್ಣೆಯಿಂದ ಹೊಸದೂ ಕಪ್ಪಾಗುತ್ತದೆ.

ಜಾಸ್ತಿಯಾದ ಎಣ್ಣೆ ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪು) ಮೂಲಕ ಏರ್‌ಬಾಕ್ಸಿಗೆ, ಅಂದರೆ ಎಂಜಿನ್ ಗಾಳಿ ಎಳೆಯುವ ಡಬ್ಬಿಗೆ, ಹೋಗುತ್ತದೆ. ಅಲ್ಲಿಂದ ತೊಟ್ಟಿಕ್ಕಿ ತಳಕ್ಕೆ.

ಕೋಡಿ_ಹುಡುಗ
ಅಯ್ಯೋ. ಮೂರು ಲೀಟರ್ ಕ್ಯಾನ್ ಪೂರ್ತಿ ಸುರಿದದ್ದು ನಾನೇ ನೋಡಿದ್ದೇನೆ. ತೆಗೆದದ್ದು ಒಂದು ಹಳೇ ಬಿಸ್ಲೇರಿ ಬಾಟಲಿಯಲ್ಲಿ ಇತ್ತು. ಎರಡು ಲೀಟರಿನ ಬಾಟಲಿ, ತುಂಬಿರಲಿಲ್ಲ. ಅಷ್ಟೇ ಅಲ್ಲ, ಮಾರನೇ ದಿನ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು "ಕಡಿಮೆ ಇದೆ" ಅಂತ ಇನ್ನೊಂದು ಲೋಟದಷ್ಟು ಹಾಕಿದ.

ಶಾರ್ಜಾ_ವರ್ಕ್‌ಶಾಪ್
ಆಯಿತಲ್ಲ. ತಣ್ಣಗಿರುವಾಗ ನೋಡಿದರೆ ಕಡಿಮೆಯೇ ತೋರಿಸುತ್ತದೆ, ರಾತ್ರಿ ಎಣ್ಣೆ ಟ್ಯಾಂಕಿನಿಂದ ಕೆಳಗೆ ಇಳಿದಿರುತ್ತದೆ. ಎಂಜಿನ್ ಬಿಸಿಯಾಗಿರಬೇಕು. ಗಾಡಿ ಸಮತಟ್ಟಾಗಿರಬೇಕು. 30 ಸೆಕೆಂಡ್ ಐಡಲ್‌ನಲ್ಲಿ (ಥ್ರಾಟಲ್ ಕೊಡದೆ) ಬಿಟ್ಟು, ನಿಲ್ಲಿಸಿ, ಇನ್ನೊಂದು 30 ಸೆಕೆಂಡ್ ಕಾದು ಆಮೇಲೆ ಡಿಪ್‌ಸ್ಟಿಕ್. ಬೇರೆ ರೀತಿ ನೋಡಿದ್ದು ಲೆಕ್ಕಕ್ಕಿಲ್ಲ.

ಗ್ಯಾರೇಜ್_ಗಿರಿ
ಬುಲೆಟ್‌ನಲ್ಲೂ ಹಿಂಗೇ. ತಣ್ಣಗಿರುವಾಗ ನೋಡಿ ಆಯಿಲ್ ಸುರಿದು, ಏರ್ ಫಿಲ್ಟರಿನಲ್ಲಿ ಆಯಿಲ್ ಅಂತ ಓಡಿ ಬರುತ್ತಾರೆ. ಆದರೂ ವಾಲ್ವ್ ಕವರ್ ಒಂದು ಸಲ ನೋಡಿ.

ಎರಡು_ಸ್ಟ್ರೋಕ್
ಅದಕ್ಕೇ ಹಳೇ ಎರಡು ಸ್ಟ್ರೋಕ್ ಗಾಡಿಗಳೇ ಚೆಂದ. ಡಿಪ್‌ಸ್ಟಿಕ್ ಇಲ್ಲ, ಫಿಲ್ಟರ್ ಇಲ್ಲ. ಎಣ್ಣೆ ಹಾಕು, ಸುಡು, ಹೋಗು.

ಕಾರವಾರ_ಅಲೆ
ಹೌದು ಹೌದು, ಮಳೆಗಾಲದಲ್ಲಿ ನಿಲ್ಲಿಸಿದರೆ ಇಂಜೆಕ್ಷನ್ ಪಂಪಿನಿಂದ ಎಣ್ಣೆ ಜಿನುಗಿ ಕ್ರ್ಯಾಂಕ್ ತುಂಬಿಕೊಳ್ಳುವುದನ್ನೂ ಹೇಳಿ. ಸೀಸನ್ ಮೊದಲ ದಿನ ಸ್ಟಾರ್ಟ್ ಮಾಡಿದರೆ ಇಡೀ ಬೀಚಿಗೆ ಹೊಗೆ. ಸೊಳ್ಳೆ ಓಡಿಸುವ ಗಾಡಿ ಬಂತು ಅಂತ ಮಕ್ಕಳು ಹಿಂದೆ ಓಡುತ್ತಿದ್ದರು.

ಎರಡು_ಸ್ಟ್ರೋಕ್
ಆ ವಾಸನೆಗೆ ಈಗಲೂ ನನ್ನ ಕಣ್ಣಲ್ಲಿ ನೀರು ಬರುತ್ತದೆ.

ಮೀನುಸಾರು
ಹೊಗೆಗೆ ಬಂದಿದ್ದು ಅದು.

ಕೋಡಿ_ಹುಡುಗ
ಈಗ ಏರ್‌ಬಾಕ್ಸ್ ಬಿಚ್ಚಿದೆ. ನೀವು ಹೇಳಿದ್ದು ನಿಜ. ತಳದಲ್ಲಿ ಎಣ್ಣೆ ನಿಂತಿದೆ, ಬ್ರೀದರ್ ಪೈಪು ಒಳಗೆಲ್ಲ ಒದ್ದೆ. ಒರೆಸಿ ಒರೆಸಿ ಒಂದು ಬನಿಯನ್ ಮುಗೀತು. ಇನ್ನು ಎಣ್ಣೆ ಕಮ್ಮಿ ಮಾಡಬೇಕು. ನೀರಿಗೆ ಇಳಿಸದೆ, ಶೆಡ್ಡಿನಲ್ಲೇ ಪೈಪು ಕೊಟ್ಟು ಬಿಸಿ ಮಾಡಿ ನೋಡಬಹುದಾ?

ಬೋಟ್_ಡ್ರೈವರ್_ಮಲ್ಪೆ
ಮಾಡಬಹುದು. ಮೊದಲು ನಳ್ಳಿ ತಿರುಗಿಸು, ನೀರು ಬರುತ್ತಿದೆ ಅಂತ ನೋಡಿ ಆಮೇಲೆ ಸ್ಟಾರ್ಟ್ ಮಾಡು. ಒಣಗಿದ ಎಂಜಿನ್ ತಿರುಗಿಸಬೇಡ.

ಶಾರ್ಜಾ_ವರ್ಕ್‌ಶಾಪ್
ನಿಲ್ಲಿ ನಿಲ್ಲಿ! ಡ್ರೈವರ್ ಅಣ್ಣ, ಕ್ಷಮಿಸಿ, ಇದು ತಿರುಗಾ ಮುರುಗಾ. ದೋಣಿಯ ಹಿಂದೆ ಹೊರಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿಗೆ ನೀವು ಹೇಳಿದ್ದೇ ಸರಿ, ಅಲ್ಲಿ ನೀರು ಮೊದಲು. ಜೆಟ್ ಸ್ಕೀಗೆ ಎಂಜಿನ್ ಮೊದಲು, ನೀರು ಆಮೇಲೆ. ನಿಲ್ಲಿಸುವಾಗ ನೀರು ಮೊದಲು ಬಂದ್, ಒಂದೆರಡು ಸಲ ಥ್ರಾಟಲ್ ಕೊಟ್ಟು ಪೈಪಿನ ನೀರು ಹೊರಗೆ ಉಗುಳಿಸಿ, ಆಮೇಲೆ ಎಂಜಿನ್ ಬಂದ್. ನಳ್ಳಿ ನೀರು ಎಕ್ಸಾಸ್ಟಿಗೆ ಹೋಗುತ್ತದೆ. ಎಂಜಿನ್ ಓಡದಿದ್ದರೆ ಅದನ್ನು ಹೊರಗೆ ತಳ್ಳುವ ಹೊಗೆಯ ಒತ್ತಡ ಇರುವುದಿಲ್ಲ. ನೀರು ತುಂಬಿ ಹಿಂದಕ್ಕೆ ಸಿಲಿಂಡರಿಗೇ ಇಳಿಯುತ್ತದೆ. ಎಣ್ಣೆ ಸೋರುವ ಗಾಡಿ ನೀರು ಕುಡಿದ ಗಾಡಿ ಆಗುತ್ತದೆ. ಇಲ್ಲಿ ತಿಂಗಳಿಗೊಂದು ಬರುತ್ತದೆ ಹಾಗೆ.

ಬೋಟ್_ಡ್ರೈವರ್_ಮಲ್ಪೆ
ಹೌದಾ ಮಾರಾಯ್ರೆ! 30 ವರ್ಷದಿಂದ ಕಡಲಿನಲ್ಲಿದ್ದೇನೆ, ಇದು ಗೊತ್ತಿರಲಿಲ್ಲ. ತಮ್ಮಾ, ನಾನು ಹೇಳಿದ್ದು ಮಾಡಬೇಡ.

ಶಾರ್ಜಾ_ವರ್ಕ್‌ಶಾಪ್
ಇನ್ನೊಂದು ಮಾತು. ನೀರು ಕೊಟ್ಟರೂ ನೆಲದ ಮೇಲೆ ಎರಡು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಶಾಫ್ಟ್ ಹಲ್‌ನಿಂದ ಹೊರಗೆ ಹೋಗುವ ಜಾಗದ ಸೀಲಿಗೆ ತಂಪು ಸಿಗುವುದು ಕೆಳಗಿನ ನೀರಿನಿಂದ ಮಾತ್ರ, ನಳ್ಳಿ ನೀರು ಅಲ್ಲಿಗೆ ಹೋಗುವುದಿಲ್ಲ. ಹೊಳೆಗೆ ಇಳಿಸಿ, ಹತ್ತು ನಿಮಿಷ ಓಡಿಸಿ ಬಂದು ನೋಡುವುದೇ ವಾಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಂತೂ ಬೇಡವೇ ಬೇಡ, ಹೊಗೆ ತಲೆಗೆ ಹತ್ತುವುದು ಗೊತ್ತೇ ಆಗುವುದಿಲ್ಲ.

ಮಿಶಿಗನ್_ಕನ್ನಡತಿ
ಇಲ್ಲಿ ನಮ್ಮ ಹತ್ತಿರವೂ ಇದೇ ಎಂಜಿನ್ನಿನ ಒಂದು ಇದೆ. ನಾವು ವರ್ಷಕ್ಕೆ ನಾಲ್ಕು ತಿಂಗಳು ಓಡಿಸಿ ಎಂಟು ತಿಂಗಳು ಚಳಿಗೆ ಕಟ್ಟಿ ಇಡುತ್ತೇವೆ, ನೀವು ಮಳೆಗೆ ಕಟ್ಟಿ ಇಡುತ್ತೀರಿ, ಅಷ್ಟೇ ವ್ಯತ್ಯಾಸ. ನಮ್ಮನೆಯವರು ಒಮ್ಮೆ ಹಳೇ ಫಿಲ್ಟರಿನ ಓ ರಿಂಗ್ ತೆಗೆಯದೆ ಅದನ್ನೇ ಮತ್ತೆ ಕೂರಿಸಿದ್ದರು. ಚಪ್ಪಟೆಯಾಗಿ ಸೀಳಿದ್ದ ರಿಂಗು. ಫಿಲ್ಟರ್ ಮುಚ್ಚಳದಿಂದ ಸಣ್ಣಗೆ ಎಣ್ಣೆ. ಮೂರು ವಾರ ಜಗಳ. ಅವರು ಗ್ಯಾಸ್ಕೆಟ್ ಅಂದರು, ನಾನು ನೀವು ಮುಟ್ಟಿದ ಜಾಗ ಮೊದಲು ನೋಡಿ ಅಂದೆ. ಕೊನೆಯದಾಗಿ ಯಾರ ಕೈ ಎಲ್ಲಿ ಬಿದ್ದಿತ್ತೋ ಅಲ್ಲಿಂದ ಹುಡುಕಿ. ಫಿಲ್ಟರ್ ಮುಚ್ಚಳ, ಆಯಿಲ್ ಹಾಕುವ ಮುಚ್ಚಳ, ಡಿಪ್‌ಸ್ಟಿಕ್‌ನ ರಿಂಗು.

ಗ್ಯಾರೇಜ್_ಗಿರಿ
ಮನೆಯವರ ಬಗ್ಗೆ ಎಲ್ಲರ ಮುಂದೆ ಹೇಳಬಾರದು ಮೇಡಂ.

ಮಿಶಿಗನ್_ಕನ್ನಡತಿ
ಅವರೇ ಪಕ್ಕದಲ್ಲಿ ಕೂತು ಓದುತ್ತಿದ್ದಾರೆ. ಎರಡು ವಾರ ಅಂತೆ, ಮೂರಲ್ಲ.

ಸುಮ್ನೆ_ಓದುಗ
ಒಂದು ದಡ್ಡ ಪ್ರಶ್ನೆ. ಎಲ್ಲರೂ ಜೆಟ್ ಸ್ಕೀ ಅಂತೀರಿ, ಗಾಡಿ ಸೀ-ಡೂ ಅಂತೀರಿ. ಎರಡೂ ಒಂದೇನಾ?

ಎರಡು_ಸ್ಟ್ರೋಕ್
ಜೆಟ್ ಸ್ಕೀ ಅನ್ನುವುದು ಕವಾಸಾಕಿಯ ಹೆಸರು, 1973ರಿಂದ. ಆಗ ಅದು ನಿಂತು ಓಡಿಸುವಂಥದ್ದಾಗಿತ್ತು. ಕೂತು ಓಡಿಸುವ ಸೀ-ಡೂ ಅದಕ್ಕೂ ಮೊದಲೇ, 1968ರಲ್ಲಿ ಬೊಂಬಾರ್ಡಿಯರ್ ತಂದಿತ್ತು. ಓಡಲಿಲ್ಲ, ನಿಲ್ಲಿಸಿದರು. 1988ರಲ್ಲಿ ಮತ್ತೆ ಬಂತು. ಯಮಹಾದ್ದು ವೇವ್‌ರನ್ನರ್. ನಮ್ಮಲ್ಲಿ ಎಲ್ಲದಕ್ಕೂ ಜೆಟ್ ಸ್ಕೀ, ಝೆರಾಕ್ಸ್ ಹಾಗೆ.

ಹುಬ್ಳಿ_ಮಂದಿ
ನಮ್ಮ ಕಡೆ ನೀರ್ ಸ್ಕೂಟರ್ ಅಂತಾರ‍್ರೀ. ಮುಗೀತು.

ಕೋಡಿ_ಹುಡುಗ
ಮುಂದಿನ ವರದಿ. ಹೊಳೆಯಲ್ಲಿ ಹತ್ತು ನಿಮಿಷ ಓಡಿಸಿ ಬಂದು, ನೀವು ಹೇಳಿದ ಹಾಗೆ 30 ಸೆಕೆಂಡ್, ಮತ್ತೆ 30 ಸೆಕೆಂಡ್. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆಗಿಂತ ಎರಡು ಬೆರಳು ಮೇಲೆ! ಎಳೆಯುವ ಪಂಪು ಇರಲಿಲ್ಲ, ಮೆಡಿಕಲ್ ಅಂಗಡಿಯಿಂದ ದೊಡ್ಡ ಸಿರಿಂಜು, ಅಕ್ವೇರಿಯಂ ಟ್ಯೂಬು. ನೂರು ನೂರು ಮಿಲಿ ಎಳೆದು, ಮತ್ತೆ ಓಡಿಸಿ, ಮತ್ತೆ ನೋಡಿ. ಒಟ್ಟು 750 ಮಿಲಿ ತೆಗೆದೆ. ಈಗ ಎರಡು ಗೆರೆಯ ನಡುವೆ ನಿಂತಿದೆ.

ಸಂಜೆ 20 ನಿಮಿಷ ಓಡಿಸಿದೆ. ಏರ್‌ಬಾಕ್ಸ್ ಒಣ ಒಣ. ಖುಷಿಯಾಯಿತು. ಟಾರ್ಚ್ ಹಾಕಿ ತಳ ನೋಡಿದರೆ ಇನ್ನೂ ಇದೆ. ಒಂದೆರಡು ಚಮಚ. ಕಡಿಮೆ, ಆದರೆ ಇದೆ.

ಕಾರವಾರ_ಅಲೆ
ಅಂದರೆ ಎರಡು ಸೋರಿಕೆ. ದೊಡ್ಡದು ಸಣ್ಣದನ್ನು ಮುಚ್ಚಿಟ್ಟಿತ್ತು.

ಗ್ಯಾರೇಜ್_ಗಿರಿ
ವಾಲ್ವ್ ಕವರ್! ನಾನು ಆವತ್ತೇ ಹೇಳಿದೆ.

ಹೊಸಬ_ಉಡುಪಿ
ಸೋರುವ ಜಾಗ ಸಿಕ್ಕಿದರೆ ಎಂ-ಸೀಲ್ ಹಚ್ಚಿ. ಇಲ್ಲವಾದರೆ ಸೋರಿಕೆ ನಿಲ್ಲಿಸುವ ಎಣ್ಣೆ ಬರುತ್ತದಲ್ಲ, ಅದನ್ನು ಒಂದು ಬಾಟಲಿ ಸುರಿಯಿರಿ. ನನ್ನ ಹಳೇ ಮಾರುತಿಗೆ ಹಾಕಿದ್ದೆ, ಎರಡು ವರ್ಷ ಓಡಿತು.

ಶಾರ್ಜಾ_ವರ್ಕ್‌ಶಾಪ್
ದಯವಿಟ್ಟು ಬೇಡ. ಆ ಬಾಟಲಿ ರಬ್ಬರನ್ನು ಊದಿಸುತ್ತದೆ. ಹಳೇ ಕಾರಿಗೆ ಸರಿ ಹೋಗಬಹುದು. ಇದು ದಿನವಿಡೀ 7,000 ಸುತ್ತಿನಲ್ಲಿ ತಿರುಗುವ ಎಂಜಿನ್. ಊದಿದ ಸೀಲ್ ಬೇಗ ಮೆದುವಾಗಿ ಇನ್ನೂ ಜೋರಾಗಿ ಸೋರುತ್ತದೆ. ಎಂ-ಸೀಲ್ ಎಣ್ಣೆ ಜಿಡ್ಡಿನ ಮೇಲೆ ಹಿಡಿಯುವುದೂ ಇಲ್ಲ. ಗಿರಿಯವರ ಅನಾಬಾಂಡ್ ಬಗ್ಗೆಯೂ ಒಂದು ಮಾತು: ರಬ್ಬರ್ ಗ್ಯಾಸ್ಕೆಟ್ ಇರುವ ಕಡೆ ಅದು ಬೇಕಾಗಿಲ್ಲ. ಹೆಚ್ಚಾಗಿ ಹಚ್ಚಿದ್ದು ಒಳಕ್ಕೂ ಹಿಂಡಿಕೊಂಡು ಬರುತ್ತದೆ. ಆ ಚೂರು ಕಳಚಿ ಎಣ್ಣೆ ದಾರಿಗೆ ಸಿಕ್ಕಿಕೊಂಡರೆ ಬೇರಿಂಗಿಗೆ ಎಣ್ಣೆ ಇಲ್ಲ.

ಗ್ಯಾರೇಜ್_ಗಿರಿ
ಸರ್, ನಾವು ತೆಳ್ಳಗೆ ಹಚ್ಚುತ್ತೇವೆ. ಎಲ್ಲರೂ ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚುವುದಿಲ್ಲ.

ಶಾರ್ಜಾ_ವರ್ಕ್‌ಶಾಪ್
ನೀವು ಹಚ್ಚದೆ ಇರಬಹುದು ಗಿರಿಯವರೇ. ನನ್ನ ಕೈಗೆ ಬರುವುದು ಬೆಣ್ಣೆ ಹಚ್ಚಿದವೇ.

ಕೋಡಿ ಹುಡುಗರೇ, ಈಗ ನಿಧಾನವಾಗಿ ಹುಡುಕುವ ಕೆಲಸ. ಎಂಜಿನ್ ಹೊರಮೈ ಪೂರ್ತಿ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ತೊಳೆಯಿರಿ. ವಿದ್ಯುತ್ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕಟ್ಟಿ. ಹಿಂದಿನ ಡ್ರೈನ್ ಪ್ಲಗ್ ಎರಡೂ ತೆಗೆದು ಒಂದು ದಿನ ಒಣಗಿಸಿ, ಸೀಟು ತೆರೆದೇ ಇರಲಿ. ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಾಕುವ ಟಾಲ್ಕಮ್ ಪೌಡರ್ ತೆಗೆದುಕೊಂಡು ಅನುಮಾನ ಇರುವ ಕಡೆ ಊದಿ: ವಾಲ್ವ್ ಕವರ್ ಅಂಚು, ಫಿಲ್ಟರ್ ಮುಚ್ಚಳ, ಆಯಿಲ್ ಕೂಲರ್ ಸುತ್ತ, ಪ್ರೆಶರ್ ಸ್ವಿಚ್, ಹಿಂದೆ ಶಾಫ್ಟ್ ಸೇರುವ ಜಾಗ. ಎಣ್ಣೆ ಬಂದ ಕಡೆ ಪೌಡರ್ ಒದ್ದೆಯಾಗಿ ಕಪ್ಪಾಗುತ್ತದೆ. ತಳಕ್ಕೆ ನ್ಯೂಸ್ ಪೇಪರ್ ಹಾಸಿ ಶೆಡ್ಡಿನ ಹೊರಗೆ ಎರಡು ನಿಮಿಷ ಓಡಿಸಿ. ಪೇಪರ್ ತೆಗೆದು ನೋಡಿ. ಪೇಪರ್ ಒಳಗೆ ಬಿಟ್ಟು ನೀರಿಗೆ ಇಳಿಸಬೇಡಿ, ಒದ್ದೆಯಾಗಿ ನೀರು ಹೊರಹಾಕುವ ಪೈಪಿಗೆ ಸಿಕ್ಕಿಕೊಳ್ಳುತ್ತದೆ.

ಹಿಂದಿನ ಶಾಫ್ಟ್ ಸೀಲ್ ಹೋಗಿದ್ದರೆ ಅದರ ಗುರುತು ಬೇರೆಯೇ: ಶಾಫ್ಟಿನ ಸುತ್ತ, ಹಲ್ ಗೋಡೆಯ ಮೇಲೆ, ಅಳತೆ ಹಿಡಿದು ಎಳೆದ ಹಾಗೆ ಒಂದು ಗೆರೆ. ಎಣ್ಣೆ ಎರಚಿದ ಗೆರೆ. ಅದು ಕಂಡರೆ ಜೆಟ್ ಪಂಪು, ಶಾಫ್ಟು ಹೊರಗೆ ತೆಗೆಯುವ ಕೆಲಸ, ಮನೆಯಲ್ಲಿ ಬೇಡ. ಜೊತೆಗೆ ಕೂಲಂಟ್ ಬಾಟಲಿ ನೋಡಿ, ಅದರಲ್ಲಿ ಎಣ್ಣೆ ತೇಲುತ್ತಿದ್ದರೆ ಆಯಿಲ್ ಕೂಲರ್. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಕಾಫಿ ಬಣ್ಣ ಇದ್ದರೆ ನೀರು ಸೇರಿದೆ ಅಂತ.

ಕೋಡಿ_ಹುಡುಗ
ಕೂಲಂಟ್ ಸ್ವಚ್ಛ ಇದೆ. ಎಣ್ಣೆ ಹಾಲು ಬಣ್ಣ ಇಲ್ಲ. ಹಿಂದಿನ ಗೆರೆಯೂ ಇಲ್ಲ, ಟಾರ್ಚ್ ಕಚ್ಚಿಕೊಂಡು ತಲೆಕೆಳಗಾಗಿ ನೋಡಿದೆ. ನಾಳೆ ತೊಳೆಯುತ್ತೇನೆ. ತಳದಿಂದ ತೆಗೆದ ಎಣ್ಣೆ ನೀರು ಒಂದು ಕೊಡ ಆಗಿದೆ, ಏನು ಮಾಡಲಿ?

ಹೊಸಬ_ಉಡುಪಿ
ಬೇಲಿ ಗೂಟಕ್ಕೆ ಹಚ್ಚಿ, ಗೆದ್ದಲು ಬರಲ್ಲ. ನಮ್ಮಜ್ಜ ಹಾಗೇ ಮಾಡುತ್ತಿದ್ದರು.

ಬೋಟ್_ಡ್ರೈವರ್_ಮಲ್ಪೆ
ಅಜ್ಜನ ಕಾಲ ಬೇರೆ. ಆ ಗೂಟದಿಂದ ಮಳೆಗೆ ತೊಳೆದು ಹೊಳೆಗೇ ಬರುವುದು. ತಮ್ಮಾ, ಕೊಡ ಅಲ್ಲಾಡಿಸದೆ ಒಂದು ರಾತ್ರಿ ಬಿಡು. ಎಣ್ಣೆ ಮೇಲೆ ಬರುತ್ತದೆ, ಮೇಲಿನಿಂದ ತೆಗೆದು ಡಬ್ಬಿಯಲ್ಲಿ ಹಾಕು, ಹಳೇ ಎಣ್ಣೆ ಒಟ್ಟು ಮಾಡುವ ಗ್ಯಾರೇಜಿಗೆ ಕೊಡು. ಉಳಿದ ನೀರನ್ನೂ ಹೊಳೆಗೆ ಚೆಲ್ಲಬೇಡ, ಅದರಲ್ಲೂ ಜಿಡ್ಡು ಇರುತ್ತದೆ. ನಿಮ್ಮ ಬೆಂಗ್ರೆಯಲ್ಲಿ ಮರುವಾಯಿ (ಚಿಪ್ಪುಮೀನು) ತೆಗೆಯುವವರು ಸೊಂಟದ ತನಕ ನೀರಿನಲ್ಲೇ ನಿಲ್ಲುವುದಲ್ವಾ. ಒಂದು ಚಮಚ ಎಣ್ಣೆ ಎಷ್ಟು ಅಗಲ ಹರಡುತ್ತದೆ ಅಂತ ಧಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಬಂದು ನೋಡು.

ಕಾರವಾರ_ಅಲೆ
ಇದಕ್ಕೆ ಒಂದು ಸೇರಿಸುತ್ತೇನೆ. ಸೀ-ಡೂ ಓಡುವಾಗ ತಳದ ನೀರನ್ನು ತಾನೇ ಹೀರಿ ಹೊರಗೆ ಹಾಕುತ್ತದೆ. ನೀವು ಓಡಿಸಿದ ಅಷ್ಟೂ ಹೊತ್ತು ಎಣ್ಣೆಯೂ ಸ್ವಲ್ಪ ಸ್ವಲ್ಪ ಹೊಳೆಗೆ ಹೋಗಿದೆ. ಹಾಗಾಗಿ ತಳದಲ್ಲಿ ಕಂಡ ಅರ್ಧ ಲೀಟರ್ ಪೂರ್ತಿ ಲೆಕ್ಕ ಅಲ್ಲ. ಇನ್ನು ಓಡಿಸುವಾಗ ತಳದಲ್ಲಿ ಎಣ್ಣೆ ಹೀರುವ ಬಟ್ಟೆ ಒಂದನ್ನು ದಾರ ಕಟ್ಟಿ ಬಿಗಿಯಾಗಿ ಇಡಿ. ಸುಮ್ನೆ ಬಿಟ್ಟರೆ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ.

ಸುಮ್ನೆ_ಓದುಗ
ಕಾರಿನ ಆಯಿಲ್ ಹಾಕಿದರೆ ಆಗುತ್ತದಾ ಇದಕ್ಕೆ? ಅರ್ಧ ಬೆಲೆ ಅಲ್ವಾ.

ಗ್ಯಾರೇಜ್_ಗಿರಿ
ಆಗುತ್ತದೆ. ಬೈಕಿನ ಹಾಗೆ ಇದರಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇಲ್ಲ, ಕ್ಲಚ್ ಜಾರುವ ಭಯ ಇಲ್ಲ.

ಶಾರ್ಜಾ_ವರ್ಕ್‌ಶಾಪ್
ಈ ಹುಡುಗರ ಗಾಡಿಯಲ್ಲಿ ಇಲ್ಲ, ನಿಜ. ಆದರೆ ಹಳೇ ಸೂಪರ್‌ಚಾರ್ಜರ್ ಮಾದರಿಗಳಲ್ಲಿ ಸೂಪರ್‌ಚಾರ್ಜರ್ ಒಳಗೇ ಜಾರುವ ಕ್ಲಚ್ ಇದೆ, ತಪ್ಪು ಎಣ್ಣೆ ಹಾಕಿದರೆ ಅದು ಜಾರುತ್ತದೆ. ಯಾರದ್ದು ಯಾವುದು ಅಂತ ಗೊತ್ತಿಲ್ಲದೆ "ಆಗುತ್ತದೆ" ಅನ್ನಬೇಡಿ. ಉಪ್ಪು ನೀರಿನ ಎಂಜಿನ್ನಿಗೆ ಎಫ್‌ಸಿ-ಡಬ್ಲ್ಯೂ ಗುರುತಿನ ಎಣ್ಣೆ ಬೇರೆ ಬರುತ್ತದೆ, ಅದಕ್ಕೆ ತುಕ್ಕಿನ ಪರೀಕ್ಷೆ ಮಾಡಿರುತ್ತಾರೆ. ನಾಲ್ಕು ತಿಂಗಳು ಉಪ್ಪು ಗಾಳಿಯಲ್ಲಿ ನಿಲ್ಲುವ ಗಾಡಿಗೆ ಅದು ಬೇಕು.

ಗ್ಯಾರೇಜ್_ಗಿರಿ
ಸೂಪರ್‌ಚಾರ್ಜರ್ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ.

ಮೀನುಸಾರು
ಗಿರಿ ಒಪ್ಪಿದ. ಯಾರಾದರೂ ತಾರೀಖು ಬರೆದಿಟ್ಟುಕೊಳ್ಳಿ.

ಕೋಡಿ_ಹುಡುಗ
ಮೂರು ದಿನ ತೊಳೆದು ಒಣಗಿಸಿದ್ದಾಯಿತು. ಅತ್ತಿಗೆಯ ಪೌಡರ್ ಡಬ್ಬಿ ಕದ್ದು ಊದಿದೆ. ಇಡೀ ಎಂಜಿನ್ನು ಮದುಮಗಳ ಹಾಗೆ ಕಾಣುತ್ತಿತ್ತು. ಅಂಗಳದಲ್ಲಿ ಎರಡು ನಿಮಿಷ ಓಡಿಸಿದೆ, ಎಂಜಿನ್ ಮೊದಲು, ನಳ್ಳಿ ಆಮೇಲೆ. ಪೇಪರಿನಲ್ಲಿ ಒಂದು ಹನಿಯೂ ಇಲ್ಲ. ಪೌಡರ್ ಬೆಳ್ಳಗೇ ಇದೆ.

ಪೇಪರ್ ತೆಗೆದು ಹೊಳೆಗೆ ಇಳಿಸಿ, ಆಳ ಇರುವ ಕಡೆ ಹದಿನೈದು ನಿಮಿಷ ಜೋರಾಗಿ ಓಡಿಸಿ ಬಂದೆ. ಸೀಟು ಎತ್ತಿದರೆ ಪೌಡರ್ ಎಲ್ಲ ಕಡೆ ಹಾಗೇ ಇದೆ, ಒಂದೇ ಕಡೆ ಬಿಟ್ಟು. ಎಂಜಿನ್ ಪಕ್ಕದಲ್ಲಿ, ಕೈ ಸರಿಯಾಗಿ ಹೋಗದ ಜಾಗದಲ್ಲಿ, ಒಂದು ಸಣ್ಣ ವೈರ್ ಕನೆಕ್ಟರ್. ಅದರ ಕೆಳಗೆ ಮಾತ್ರ ಪೌಡರ್ ಕಂದು ಕೆಸರಾಗಿದೆ. ಕೆಸರಿನಿಂದ ಒಂದು ಗೆರೆ ಕೆಳಗೆ ಇಳಿದಿದೆ. ಕನೆಕ್ಟರ್ ಎಳೆದೆ. ಒಳಗಿನ ಪಿನ್ನಿನ ಮೇಲೆ ಹಸಿರು ತುಕ್ಕು, ಅದರ ಸುತ್ತ ಎಣ್ಣೆ ತುಂಬಿ ನಿಂತಿದೆ. ಬೆರಳಿಗೆ ತಾಗಿತು, ಇನ್ನೂ ಬೆಚ್ಚಗಿತ್ತು.

ಶಾರ್ಜಾ_ವರ್ಕ್‌ಶಾಪ್
ಆಯಿಲ್ ಪ್ರೆಶರ್ ಸ್ವಿಚ್. ಸ್ವಿಚ್ಚಿನೊಳಗೆ ಒಂದು ತೆಳು ಪರದೆ ಇರುತ್ತದೆ, ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ವೈರ್. ಪರದೆ ಸೀಳಿದರೆ ಎಣ್ಣೆ ಕನೆಕ್ಟರಿನೊಳಗಿಂದಲೇ ಬರುತ್ತದೆ, ಹೊರಗೆ ಕಾಣುವುದಿಲ್ಲ. ಅಂಗಳದಲ್ಲಿ ಐಡಲ್‌ನಲ್ಲಿ ಒತ್ತಡ ಕಡಿಮೆ, ಅದಕ್ಕೇ ಒಂದು ಹನಿಯೂ ಬರಲಿಲ್ಲ. ಜೋರಾಗಿ ಓಡಿಸಿದಾಗ ಬಂತು.

ಸುಮ್ನೆ ಬಿಟ್ಟರೆ ಎರಡು ತೊಂದರೆ. ಪರದೆ ಪೂರ್ತಿ ಹರಿದರೆ ನಡು ಹೊಳೆಯಲ್ಲಿ ಎಣ್ಣೆ ಎಲ್ಲ ಹೊರಗೆ. ಇನ್ನೊಂದು, ಎಣ್ಣೆ ವೈರಿನ ಎಳೆ ಹಿಡಿದು ಒಳಗೊಳಗೇ ಮುಂದೆ ಹೋಗುತ್ತದೆ. ಕನೆಕ್ಟರನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಚೆನ್ನಾಗಿ ತೊಳೆಯಿರಿ. ಹೊಸ ಸ್ವಿಚ್ ಹಾಕುವಾಗ ಕೈ ಬಲ ತೋರಿಸಬೇಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬಂದರೆ ಅಳುತ್ತೀರಿ. ಅದು ಬರುವ ತನಕ ಓಡಿಸಬೇಡಿ.

ಗ್ಯಾರೇಜ್_ಗಿರಿ
ವಾಲ್ವ್ ಕವರ್ ಒಣಗಿತ್ತಾ?

ಕೋಡಿ_ಹುಡುಗ
ಒಣಗಿತ್ತು ಅಣ್ಣ. ಬೆಳ್ಳಗೆ, ಪೌಡರ್ ಸಮೇತ.

ಹುಬ್ಳಿ_ಮಂದಿ
ಗಿರಿಯಣ್ಣಗ ಒಂದು ಗ್ಲಾಸ್ ಮಜ್ಜಿಗಿ ಕೊಡ್ರಿ ಯಾರಾದರೂ.

ಮಿಶಿಗನ್_ಕನ್ನಡತಿ
ಸೂಕ್ಷ್ಮವಾಗಿ ನೋಡಿದ್ದೀರಿ. ಅತ್ತಿಗೆಗೆ ಹೊಸ ಪೌಡರ್ ತಂದುಕೊಟ್ಟಿರಾ?

ಕೋಡಿ_ಹುಡುಗ
ಎರಡು ಡಬ್ಬಿ. ಒಂದು ನನಗಂತೆ, ಮುಂದಿನ ಸಲಕ್ಕೆ.

ಕೋಡಿ_ಹುಡುಗ
ಸ್ವಿಚ್ ಕೊರಿಯರಿನಲ್ಲಿ ಬರಲು 11 ದಿನ ಹಿಡಿಯಿತು. ಇವತ್ತು ಹಾಕಿದೆ. ಅದನ್ನು ಬಿಚ್ಚುವ ಸಾಕೆಟ್ ನಮ್ಮ ಮೆಕ್ಯಾನಿಕ್ ಹತ್ತಿರ ಇರಲಿಲ್ಲ, ಭಾವ ಕುಂದಾಪುರದಿಂದ ತಂದ. ಮೆಕ್ಯಾನಿಕ್‌ಗೂ ಡಿಪ್‌ಸ್ಟಿಕ್ ನೋಡುವ ಕ್ರಮ ಹೇಳಿದೆ. ಮೊದಲು ಮುಖ ಗಂಟು ಹಾಕಿಕೊಂಡ, ಆಮೇಲೆ ಫೋನಿನಲ್ಲಿ ಬರೆದುಕೊಂಡ. ಮೂರು ದಿನದಲ್ಲಿ ಒಟ್ಟು ಎರಡೂವರೆ ಗಂಟೆ ಓಡಿಸಿ ನೋಡಿ ಮತ್ತೆ ಬರೆಯುತ್ತೇನೆ.

ಕೋಡಿ_ಹುಡುಗ
ಎರಡೂವರೆ ಗಂಟೆ ಆಯಿತು. ತಳದಲ್ಲಿ ನೀರು ಇದೆ, ಎಣ್ಣೆ ಇಲ್ಲ. ಹೀರುವ ಬಟ್ಟೆ ಬೆಳ್ಳಗಿದೆ. ಡಿಪ್‌ಸ್ಟಿಕ್ ಅದೇ ಗೆರೆಯಲ್ಲಿ. ಶಾರ್ಜಾ ಅಣ್ಣ, ಊರಿಗೆ ಬಂದಾಗ ಒಂದು ರೌಂಡು ನಿಮ್ಮದು.

ಶಾರ್ಜಾ_ವರ್ಕ್‌ಶಾಪ್
ಡಿಸೆಂಬರಿನಲ್ಲಿ ಬರುತ್ತೇನೆ. ಓಡಿಸುವುದು ಬೇಡ, ದಿನವಿಡೀ ಅದನ್ನೇ ನೋಡುತ್ತೇನೆ. ಮರುವಾಯಿ ಪುಂಡಿ (ಚಿಪ್ಪುಮೀನು ಹಾಕಿದ ಅಕ್ಕಿ ಉಂಡೆ) ಮಾಡಿಸಿ ಸಾಕು.

ಬೋಟ್_ಡ್ರೈವರ್_ಮಲ್ಪೆ
ತಮ್ಮಾ, ನನ್ನ ಬೋಟಿನ ಗೇರ್ ಬಾಕ್ಸ್ ಎರಡು ವರ್ಷದಿಂದ ಜಿನುಗುತ್ತಿತ್ತು. ಎಲ್ಲಿಂದ ಅಂತ ಗೊತ್ತಾಗದೆ ಕೆಳಗೆ ಡಬ್ಬಿ ಇಟ್ಟು ಬಿಟ್ಟಿದ್ದೆ. ನಿನ್ನದು ಓದಿ ನಿನ್ನೆ ಪೌಡರ್ ತೆಗೆದುಕೊಂಡು ಹೋದೆ. ಬಾಕ್ಸಿನ ತಲೆ ಮೇಲಿನ ಬ್ರೀದರ್ ಮುಚ್ಚಳ ಸಡಿಲ, ಅಷ್ಟೇ. ಕೈಯಲ್ಲಿ ಅರ್ಧ ಸುತ್ತು. ಈಗ ಬೋಟಿನಲ್ಲಿ ಮೀನಿನ ವಾಸನೆ ಅಲ್ಲ, ಮಲ್ಲಿಗೆ ವಾಸನೆ. ಹುಡುಗರು ನಗಾಡುತ್ತಾರೆ.

ಮೀನುಸಾರು
ಮಲ್ಲಿಗೆ ವಾಸನೆಯ ಬಂಗುಡೆಗೆ ರೇಟ್ ಎಷ್ಟು ಅಣ್ಣ?